ಗಟ್ಟಿ ಬ್ರೆಡ್ಡಿನ ಗುಟ್ಟು

ಅಡುಗೆಮನೆಯ ಬಾಗಿಲಿಗೆ ಅರಗಿನ ಮುದ್ರೆ ಬಿದ್ದ ಬೆಳಗ್ಗೆ ಅಮ್ಮ ಅಳಲಿಲ್ಲ. ಒದ್ದೆ ಬಟ್ಟೆ ಹಿಡಿದು ಮೆಟ್ಟಿಲು ಒರೆಸತೊಡಗಿದಳು. ಒರೆಸಿದ ಮೆಟ್ಟಿಲನ್ನೇ ಮತ್ತೆ ಮತ್ತೆ ಒರೆಸುತ್ತಿದ್ದುದನ್ನು ಮಗಳು ಪುಟ್ಟಿ ನೋಡುತ್ತ ನಿಂತಿದ್ದಳು. ಅಪ್ಪ ತೀರಿಕೊಂಡ ಮೇಲೆ ಆ ಮೂರಂತಸ್ತಿನ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಬಾಡಿಗೆಯವರಿಗೆಲ್ಲ ಎರಡು ಹೊತ್ತು ಬೇಯಿಸಿ ಹಾಕಿ ಅಮ್ಮ ಮಗಳನ್ನು ಬೆಳೆಸಿದ್ದಳು. ಆ ಒಲೆ ಆರಿತೆಂದರೆ ಮನೆಯ ಉಸಿರೇ ನಿಂತಂತೆ.

ಮುದ್ರೆ ಹಾಕಿದ ಆರೋಗ್ಯ ಇನ್ಸ್‌ಪೆಕ್ಟರು ಕೆಟ್ಟ ಮನುಷ್ಯರೇನಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, "ಏನ್ಮಾಡ್ಲಿ ಹೇಳಿ ಅಮ್ಮಾ? ಮೂರು ಜನ ಹಾಸಿಗೆ ಹಿಡಿದಿದ್ದಾರೆ. ಮೂವರೂ ನಿಮ್ಮ ಕೈ ಊಟ ಮಾಡೋರು. ಮೊನ್ನೆ ಅಣಬೆ ಸೂಪು ಬಡಿಸಿದ್ರಂತೆ. ನಾಳೆ ಸಂಜೆ ನನ್ನ ವರದಿ ಹೋಗುತ್ತೆ. ಅಷ್ಟರಲ್ಲಿ ಬೇರೆ ಕಾರಣ ಸಿಗದೇ ಹೋದ್ರೆ ನಿಮ್ಮ ಪರವಾನಗಿ ರದ್ದಾಗುತ್ತೆ" ಎಂದರು.

ಪುಟ್ಟಿ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಮೇಲಿನ ಕೋಣೆಗೆ ಓಡಿದಳು.

ಅಲ್ಲಿದ್ದವಳು ಅಪ್ಪನ ಅಕ್ಕ. ಬೀದಿಗೆಲ್ಲ ಅವಳು ಟಿ.ಸಿ. ಅತ್ತೆ. ಆಯುಷ್ಯವೆಲ್ಲ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಕಪ್ಪು ಕೋಟನ್ನು ಇನ್ನೂ ಗೂಟಕ್ಕೆ ನೇತುಹಾಕಿದ್ದಳು. ಬೀದಿಯಲ್ಲಿ ಏನೇ ಕಳುವಾಗಲಿ, ಯಾರೇ ಕಾಣೆಯಾಗಲಿ, ಜನ ಮೊದಲು ಬಂದು ತಟ್ಟುತ್ತಿದ್ದುದು ಅವಳ ಬಾಗಿಲನ್ನೇ. ಹಾಗೆ ಅವಳು ಹೊರಟಾಗಲೆಲ್ಲ ಕೊಡೆ ಹಿಡಿದು ಹಿಂದೆ ನಡೆಯುವವಳು ಪುಟ್ಟಿ. ನಡೆಯುತ್ತ ನಡೆಯುತ್ತ ಆಕಾಶ ನೋಡಿ ಎಡವುವವಳೂ ಅವಳೇ.

"ಅಳಬೇಡ್ವೇ, ಮೂಗು ಕೆಂಪಾಗುತ್ತೆ" ಎಂದು ಅತ್ತೆ ಕೋಟು ತೊಟ್ಟಳು. "ನಡಿ, ಬೋಗಿ ಬೋಗಿ ನೋಡ್ಕೊಂಡು ಬರೋಣ."

ಮೊದಲ ಕೋಣೆ ಡ್ರಾಯಿಂಗ್ ಮೇಷ್ಟ್ರದು. ರೆಪ್ಪೆಗಳು ಊದಿ ಕಣ್ಣುಗಳು ಗೀಟಿನಂತಾಗಿದ್ದವು. "ಈಗ ನನ್ನ ಮುಖಾನ ನಾನೇ ಬರೆದ್ರೆ ಮಕ್ಕಳು ಕಪ್ಪೆ ಅಂತಾರೆ ಅತ್ತೇ" ಎಂದು ನರಳಿದರು. ಪಕ್ಕದ ಕೋಣೆಯ ಅಂಚೆಯಣ್ಣನಿಗೂ ಅದೇ ಊತ, ಅದೇ ಜ್ವರ. ದಿನವಿಡೀ ಸೈಕಲ್ ತುಳಿಯುವವನಿಗೆ ತೊಡೆ ಮುಟ್ಟಿದರೆ ನೋವು. ಬೀಗ ರಿಪೇರಿ ಮಾಡುವ ಬೀಗದಣ್ಣನಿಗೆ ದವಡೆ ಆಡಿಸುವುದೂ ಕಷ್ಟವಾಗಿತ್ತು.

"ಸೂಪು ಕುಡಿದ ಮೇಲೆ ವಾಂತಿ ಆಯ್ತಾ? ಭೇದಿ?" ಅತ್ತೆ ಕೇಳಿದಳು.

"ಇಲ್ಲಪ್ಪ" ಎಂದ ಅಂಚೆಯಣ್ಣ. "ಹೊಟ್ಟೆ ಕೆಟ್ಟಿದ್ದು ಯಾವಾಗ್ಲೋ. ನೀವೆಲ್ಲ ಊರಲ್ಲಿ ಇರ್ಲಿಲ್ವಲ್ಲ, ಆವಾಗ. ಎರಡು ದಿನ ಇತ್ತು, ಹೋಯ್ತು. ಅದನ್ನ ಯಾರು ನೆನಪಿಟ್ಕೋತಾರೆ?"

ಎರಡು ವಾರದ ಹಿಂದೆ ಚಿಕ್ಕಮ್ಮನಿಗೆ ಅವಳಿ ಮಕ್ಕಳು ಹುಟ್ಟಿದಾಗ ಅಮ್ಮ, ಅತ್ತೆ, ಪುಟ್ಟಿ ಮೂವರೂ ಅವಳ ಊರಿಗೆ ಹೋಗಿ ಒಂದು ವಾರ ಇದ್ದು ಬಂದಿದ್ದರು.

"ಆವಾಗ ಊಟಕ್ಕೆ ಏನ್ಮಾಡಿದ್ರಿ?"

"ಬ್ರೆಡ್ಡು, ಬೆಣ್ಣೆ, ಬೇಯಿಸಿದ ಮೊಟ್ಟೆ."

ಮೇಷ್ಟ್ರನ್ನೂ ಬೀಗದಣ್ಣನನ್ನೂ ಹೋಗಿ ಕೇಳಿದರೆ ಅವರಿಗೂ ಆಗಲೇ ಹೊಟ್ಟೆ ಕೆಟ್ಟಿತ್ತು, ಊಟಕ್ಕೂ ಅದೇ ಉತ್ತರ. ಅದೇ ಮೂರು ಪದಾರ್ಥ, ಅದೇ ಕ್ರಮ. ಹೇಳುವಾಗ ಇಬ್ಬರ ಕಣ್ಣೂ ಸೂರಿನ ಕಡೆಗೆ.

ಕೊನೆಯ ಕೋಣೆಯಲ್ಲಿ ಗಡಿಯಾರದ ತಾತ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದ. ಗುಂಡುಕಲ್ಲಿನ ಹಾಗಿದ್ದ.

"ಸೂಪಾ? ಎರಡು ಬಟ್ಟಲು ಕುಡ್ದೆ. ಹಲ್ಲಿನ ಸೆಟ್ಟು ರಿಪೇರಿಗೆ ಕೊಟ್ಟು ತಿಂಗಳಾಯ್ತು ನೋಡು. ಊರೋರ ಗಡಿಯಾರ ಎಲ್ಲ ನಾನು ಸರಿ ಮಾಡ್ತೀನಿ, ನನ್ನ ಹಲ್ಲು ಸರಿ ಮಾಡೋನಿಗೆ ಮಾತ್ರ ಟೈಮಿಲ್ಲ!"

"ನಾವು ಇಲ್ಲದಾಗ ಏನು ತಿಂದೆ?"

"ಬ್ರೆಡ್ಡು, ಬೆಣ್ಣೆ, ಬೇಯಿಸಿದ ಮೊಟ್ಟೆ."

ಅತ್ತೆ ಮೂಲೆಯ ಪುಟ್ಟ ಸ್ಟವ್ ಪಕ್ಕದಲ್ಲಿದ್ದ ತಳ ಹಿಡಿದ ಪಾತ್ರೆಯನ್ನು ಎತ್ತಿ, ಅಂಚಿನ ಜಿಡ್ಡಿನ ಮೇಲೆ ಬೆರಳಾಡಿಸಿದಳು. "ಮೊಟ್ಟೆ ಬೇಯಿಸಿದ್ರೆ ಇಷ್ಟೊಂದು ಜಿಡ್ಡಾಗುತ್ತಾ ತಾತ?"

ತಾತನಿಗೆ ತಟ್ಟನೆ ಕಿವಿ ಕೇಳಿಸದಾಯಿತು.

ಹೊರಗೆ ಬಂದಾಗ ಅತ್ತೆಯ ತುಟಿಯಂಚಿನಲ್ಲಿ ನಗು. "ನೋಡು ಪುಟ್ಟಿ, ಟಿಕೆಟ್ ಇಲ್ಲದ ಗುಂಪು ಹಿಂದಿನ ಸ್ಟೇಷನ್ನಲ್ಲೇ ಮಾತಾಡಿಕೊಂಡು ಬಂದಿರುತ್ತೆ. ನಿಜ ಹೇಳೋರು ನಾಲ್ಕು ಜನ ನಾಲ್ಕು ಥರ ಹೇಳ್ತಾರೆ. ನಡಿ, ಬ್ರೆಡ್ಡು ತರೋಣ."

ಬೇಕರಿ ಪಕ್ಕದ ಕಟ್ಟಡದಲ್ಲೇ ಇತ್ತು. ಅದು ಸೋದರಮಾವನದು, ಅಮ್ಮನ ಒಬ್ಬನೇ ತಮ್ಮ. ಹಿಂಬಾಗಿಲಲ್ಲಿ ಬೀದಿನಾಯಿ ಕೂತು, ಭಟ್ಟಿಯ ಮೇಲಿನ ಅಟ್ಟವನ್ನೇ ಕತ್ತೆತ್ತಿ ನೋಡುತ್ತಿತ್ತು. "ಶಾಪ ಸಿಕ್ಕ ರಾಜಕುಮಾರ ಇವನು ಅತ್ತೆ. ನಾವು ಬಂದಾಗಿಂದ ದಿನಾ ಇಲ್ಲೇ. ಅಟ್ಟದ ಮೇಲೆ ರಾಜಕುಮಾರಿ ಇದ್ದಾಳೆ ಅಂತ ಕಾಯ್ತಿದ್ದಾನೆ" ಎಂದಳು ಪುಟ್ಟಿ.

"ಮಾಂಸದಂಗಡಿ ಬಿಟ್ಟು ಬೇಕರಿಗೆ ಬಂದಿದ್ದಾನೆ ಅಂದ್ರೆ ರಾಜಕುಮಾರಿ ಘಮಘಮ ಅಂತಿರಬೇಕು" ಎಂದಳು ಅತ್ತೆ.

ಒಳಗೆ ಮಾವ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ. "ಬಂದ್ಯಾ ಮೋಡದ ರಾಣಿ! ಕನ್ನಡಕಾನಾ? ಭಟ್ಟಿ ಹೊಗೆ ಕಣ್ಣಿಗೆ ಬಡಿದಿದೆ ಅಷ್ಟೆ. ಆ ತಟ್ಟೆ ಸ್ವಲ್ಪ ಇಳಿಸು ಕಂದ."

ಪುಟ್ಟಿಗೆ ಅಚ್ಚರಿಯಾಯಿತು. ಮಾವ ಇಂಥ ತಟ್ಟೆಗಳನ್ನು ಒಂದೇ ಕೈಯಲ್ಲಿ ಎತ್ತಿ ಕುಣಿಸುತ್ತಿದ್ದವನು. ಅವನ ಬೀಗದ ಕೈ ಗೊಂಚಲಿಗೆ ಹೊಸದೊಂದು ಬಿಳಿಯ ಬಾಗಿದ ತುಂಡು ಸೇರಿತ್ತು. ಬಿದಿಗೆ ಚಂದ್ರನಂತಿದೆ ಎಂದುಕೊಂಡಳು. "ಬೀಗದಣ್ಣ ತೂತು ಹಾಕಿ ಸೇರಿಸಿಕೊಟ್ಟ" ಎಂದ ಮಾವ, ಅದನ್ನು ಬೇಗನೆ ಜೇಬಿಗೆ ಇಳಿಸುತ್ತ.

ಅತ್ತೆ ಬ್ರೆಡ್ಡನ್ನು ಒತ್ತಿ ನೋಡಿದಳು. "ಏನಯ್ಯ ಇದು, ಇಟ್ಟಿಗೆ ಮಾರ್ತಿದ್ದೀಯಾ?"

"ಹಿಟ್ಟು ಸರಿ ಇಲ್ಲ ಅಕ್ಕಾವ್ರೇ" ಎಂದು ಮಾವ ಮುಖ ತಿರುಗಿಸಿದ. "ಭಾನುವಾರ ಅಕ್ಕನ ಹುಟ್ಟುಹಬ್ಬಕ್ಕೆ ನೋಡ್ತಿರಿ, ಊಟ ನನ್ನದೇ. ಆ ಇನ್ಸ್‌ಪೆಕ್ಟರ್ ಎಷ್ಟು ಮುದ್ರೆ ಹಾಕ್ಕೊಂಡ್ರೂ ಹಾಕ್ಕೊಳ್ಳಲಿ."

ಅತ್ತೆ ಅಲ್ಲಿಂದ ನೇರ, ರೋಗಿಗಳನ್ನು ನೋಡುತ್ತಿದ್ದ ಡಾಕ್ಟರಮ್ಮನ ಕ್ಲಿನಿಕ್ಕಿಗೆ ನಡೆದಳು. ಒಳಗೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಹೊರಬಂದ ಅತ್ತೆ ಪುಟ್ಟಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಮೆಲ್ಲನೆ ಹೇಳಿದಳು. ಕೇಳುತ್ತ ಕೇಳುತ್ತ ಪುಟ್ಟಿಯ ಕಣ್ಣು ತುಂಬಿತು.

"ಮಾವನ ಮಾತು ತೆಗೀಬೇಡಿ ಅತ್ತೆ. ಅಣಬೇಲಿ ಏನೋ ಇತ್ತು ಅಂತ... ಅಂಗಡಿಯವನ ತಪ್ಪು ಅಂತ ಹೇಳ್ಬಿಡಿ."

"ಅಣಬೆ ಅಂಗಡಿಯವನಿಗೂ ನಿನ್ನಂಥ ಒಬ್ಬಳು ಸೋದರಸೊಸೆ ಇರ್ತಾಳಲ್ವೇನೆ?" ಅತ್ತೆ ಅವಳ ಜಡೆ ಸರಿಪಡಿಸಿದಳು. "ಅದಿರಲಿ. ಮಿಕ್ಕ ತುಂಡು ಇನ್ನೂ ಅಟ್ಟದ ಮೇಲಿದೆ. ಭಾನುವಾರ ಅದನ್ನ ನಿಮ್ಮಮ್ಮನ ತಟ್ಟೆಗೇ ಹಾಕ್ತಾನೆ, ಪ್ರೀತಿಯಿಂದ."

ಪುಟ್ಟಿ ಕಣ್ಣೊರೆಸಿಕೊಂಡು ಎದ್ದು ಕೊಡೆ ಎತ್ತಿಕೊಂಡಳು.

ಮರುದಿನ ಮಧ್ಯಾಹ್ನ ಎಲ್ಲರೂ ಊಟದ ಹಜಾರದಲ್ಲಿ ಸೇರಿದರು. ರೋಗಿಗಳು ಕಂಬಳಿ ಹೊದ್ದು ಬಂದರು. ತಾತ ಗೋಡೆ ಗಡಿಯಾರದ ಕೆಳಗೆ ಕೂತ. ಮಾವ ಕನ್ನಡಕದೊಂದಿಗೆ ಬಾಗಿಲಿಗೆ ಒರಗಿದ. ಇನ್ಸ್‌ಪೆಕ್ಟರೂ ಡಾಕ್ಟರಮ್ಮನೂ ಮೇಜಿನ ಎರಡು ತುದಿಯಲ್ಲಿ ಕುಳಿತರು. ಅಮ್ಮ ಮಾತ್ರ ಮುದ್ರೆ ಬಿದ್ದ ಬಾಗಿಲಿನ ಪಕ್ಕದಲ್ಲಿ ನಿಂತೇ ಇದ್ದಳು.

"ರೈಲಲ್ಲಿ ಕಳ್ಳ ಪ್ರಯಾಣಿಕ ಸಿಕ್ಕಿಬಿದ್ದ ಸ್ಟೇಷನ್ ಮುಖ್ಯ ಅಲ್ಲ" ಎಂದು ಅತ್ತೆ ಶುರುಮಾಡಿದಳು. "ಎಲ್ಲಿ ಹತ್ತಿದ ಅನ್ನೋದು ಮುಖ್ಯ. ನಾವೆಲ್ಲ ಮೊನ್ನೆಯ ಸೂಪನ್ನ ಹಿಡ್ಕೊಂಡ್ವಿ. ಅದನ್ನ ತಾತ ಎರಡು ಬಟ್ಟಲು ಕುಡಿದು ಕಲ್ಲಿನ ಹಾಗಿದ್ದಾನೆ. ನಾವೂ ಕುಡಿದಿದ್ವಿ. ಅಂದ್ಮೇಲೆ ಈ ಕಾಯಿಲೆ ಸೂಪಿನ ಸ್ಟೇಷನ್ನಲ್ಲಿ ಹತ್ತಿದ್ದಲ್ಲ. ಮೂವರಿಗೂ ಎರಡು ವಾರದ ಹಿಂದೆ ಹೊಟ್ಟೆ ಕೆಟ್ಟಿತ್ತು. ಆಗ ಇವರಿಗೆ ಬೇಯಿಸಿ ಹಾಕಬೇಕಾದೋಳು ಈ ಊರಲ್ಲೇ ಇರ್ಲಿಲ್ಲ. ಡಾಕ್ಟರಮ್ಮಾ, ಅಷ್ಟು ತಡವಾಗಿ ಕಣ್ಣು ಊದಿಸಿ ಮಾಂಸಖಂಡ ನೋಯಿಸೋದು ಏನಾದ್ರೂ ಇದೆಯಾ?"

"ಇದೆ" ಎಂದರು ಡಾಕ್ಟರಮ್ಮ. "ರಕ್ತದಲ್ಲಿ ಒಂದು ಜಾತಿ ಬಿಳಿ ಕಣ ಮೂವರಿಗೂ ಏರಿತ್ತು. ಹುಳು ಹೊಕ್ಕಾಗ ಹಾಗಾಗುತ್ತೆ. ಯಾವ ಹುಳು ಅಂತ ಹುಡುಕ್ತಾ ಇದ್ದೆ, ಅಷ್ಟರಲ್ಲಿ ನೀವು ಬಂದು ಇವರು ಯಾವಾಗ ಏನು ತಿಂದಿರಬಹುದು ಅಂತ ಹೇಳಿದ್ರಿ. ಕಾಡುಹಂದಿಯಂಥ ಪ್ರಾಣಿಗಳ ಮಾಂಸದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳು ಸುರುಳಿ ಸುತ್ತಿ ಮಲಗಿರ್ತಾವೆ. ಅರೆಬೆಂದದ್ದು ತಿಂದ್ರೆ ಹೊಟ್ಟೇಲಿ ಎದ್ದು, ಮರಿ ಹಾಕಿ, ಆ ಮರಿಗಳು ನಮ್ಮ ಮಾಂಸಖಂಡಕ್ಕೆ ನುಗ್ತಾವೆ. ಅದಕ್ಕೆ ವಾರಗಟ್ಟಲೆ ಬೇಕು."

"ಕಾಡುಹಂದಿನಾ?" ಅಮ್ಮ ಬೆಚ್ಚಿದಳು. "ನನ್ನ ಮನೇಲಿ?"

ಅಂಚೆಯಣ್ಣ ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡ.

"ಎಲ್ಲಿಂದ ಬಂತು ಹೇಳ್ತೀನಿ" ಎಂದಳು ಅತ್ತೆ. "ಮಾಂಸದಂಗಡಿ ಬಿಟ್ಟು ಒಂದು ನಾಯಿ ಬೇಕರಿಯ ಅಟ್ಟ ಕಾಯ್ತಿದೆ. ಬೇಕರಿಯವನ ಬೀಗದ ಕೈಯಲ್ಲಿ ಹೊಸ ಹಂದಿಕೋರೆ ಇದೆ. ಬ್ರೆಡ್ಡು ಇಟ್ಟಿಗೆ ಆಗಿದೆ. ಹಿಟ್ಟು ಕೆಟ್ಟು ಅಲ್ಲ, ನಾದೋ ತೋಳಿಗೆ ನೋವಾಗಿ. ಕನ್ನಡಕ ತೆಗಿಯಪ್ಪ."

ಮಾವ ಕನ್ನಡಕ ತೆಗೆದ. ಅವನ ಕಣ್ಣುಗಳೂ ಗೀಟುಗಳೇ.

"ಹೊಲಕ್ಕೆ ನುಗ್ಗಿದ ಹಂದಿ ಹೊಡೆದೆ ಅಂತ ಬೇಟೆಯ ಗೆಳೆಯ ಒಂದು ತೊಡೆ, ಒಂದು ಕೋರೆ ಕೊಟ್ಟ ಅಕ್ಕ" ಎಂದ ಅವನು. "ನೀನಿಲ್ಲದಾಗ ಇವರೆಲ್ಲ ಬೇರೆ ಮೆಸ್ಸಿಗೆ ಹೋಗಿ ಅಲ್ಲೇ ರುಚಿ ಹತ್ತಿಬಿಟ್ರೆ ನಿನ್ನ ಗತಿ ಏನು ಅಂತ ಹೆದರಿದೆ. ರಾಜರ ಥರ ಊಟ ಹಾಕ್ದೆ. ನೀನು ಕಣ್ಣಾರೆ ನೋಡಿ ಕೊಯ್ಸಿದ ಮಾಂಸ ಬಿಟ್ಟು ಬೇರೇದನ್ನ ಒಳಗೆ ಬಿಡಲ್ಲ ಅಂತ ಗೊತ್ತಲ್ಲ, ಅದಕ್ಕೆ ಯಾರೂ ಬಾಯಿ ಬಿಡಬಾರದು ಅಂತ ಮಾತು ತಗೊಂಡೆ. ಆದ್ರೆ ಹಸೀದು ಹಾಕಿಲ್ಲ ಅಕ್ಕ, ಆಣೆ! ಹೊಗೆ ಹಾಕ್ದೆ. ಬ್ರೆಡ್ಡು ತೆಗೆದ ಮೇಲೆ ಭಟ್ಟೀಲಿ ಇಟ್ಟೆ. ಮೇಲೆ ಕಂದು ಬಣ್ಣ ಬಂತು, ಗರಿಗರಿ ಆಯ್ತು, ತಟ್ಟಿ ನೋಡ್ದೆ..."

"ಅಲ್ಲೇ ಎಡವಿದ್ದು" ಎಂದಳು ಅತ್ತೆ, ಈಗ ಮೃದುವಾಗಿ. "ಇವನು ಹುಟ್ಟಾ ಬ್ರೆಡ್ಡಿನವನು. ಸಿಪ್ಪೆ ನೋಡಿ, ತಟ್ಟಿ, ಬೆಂದಿದೆ ಅಂತ ಹೇಳೋನು. ಬ್ರೆಡ್ಡಿಗೆ ಅದು ಸರಿ. ಆದ್ರೆ ಭಟ್ಟಿಯ ಕೊನೆಯ ಬಿಸಿ ದಪ್ಪ ತೊಡೆಯ ನಡುವಿಗೆ ಮುಟ್ಟಲಿಲ್ಲ."

"ಹೌದು ಹೌದು, ಒಳಗೆ ಗುಲಾಬಿ ಬಣ್ಣ!" ಮೇಷ್ಟ್ರು ಕಂಬಳಿಯೊಳಗಿಂದ ಅಂದರು. "ಎಷ್ಟು ಚೆನ್ನಾಗಿತ್ತು ಗೊತ್ತಾ?"

"ಹೊಗೆಗೂ ಉಪ್ಪಿಗೂ ಆ ಹುಳು ಸಾಯುತ್ತೆ ಅಂತ ನಂಬೋ ಹಾಗಿಲ್ಲ" ಎಂದರು ಡಾಕ್ಟರಮ್ಮ. "ಫ್ರಿಜ್ಜಲ್ಲಿಟ್ಟು ಹೆಪ್ಪುಗಟ್ಟಿಸಿದ್ರೂ ಕಾಡುಪ್ರಾಣಿಗಳ ಹುಳು ಕೆಲವು ಬದುಕ್ತಾವೆ. ನಡುಭಾಗದವರೆಗೂ ಚೆನ್ನಾಗಿ ಬೇಯಬೇಕು, ಅದೊಂದೇ ದಾರಿ."

"ಹಾಗಾದ್ರೆ ಈ ತಾತ?" ಇನ್ಸ್‌ಪೆಕ್ಟರು ಕೇಳಿದರು. "ಇವರು ತಿನ್ನಲಿಲ್ವಾ?"

"ತಿಂದ" ಎಂದಳು ಅತ್ತೆ. "ಹಲ್ಲಿಲ್ಲದೆ ಅಗಿಯೋಕಾಗದೆ, ತನ್ನ ಪಾಲನ್ನ ಕೋಣೆಗೆ ಒಯ್ದು ಪಾತ್ರೆ ತಳ ಹಿಡಿಯೋವರೆಗೂ ಕುದಿಸಿದ. ಹುಳು ಸತ್ತು ಆ ಸ್ಟೇಷನ್ನಲ್ಲೇ ಇಳಿದುಹೋಯ್ತು."

"ಹಲ್ಲಿನ ಡಾಕ್ಟರಿಗೆ ಹೂವಿನ ಹಾರ ಹಾಕಬೇಕು ನಾನು" ಎಂದ ತಾತ, ಬೊಚ್ಚುಬಾಯಿ ಅಗಲಿಸಿ.

ಡಾಕ್ಟರಮ್ಮ ಬೇಕರಿಗೆ ಹೋಗಿ ಅಟ್ಟದ ಮೇಲಿದ್ದ ತುಂಡಿನಿಂದ ಚೂರು ಕೊಯ್ದು ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಇನ್ಸ್‌ಪೆಕ್ಟರು ಒಂದು ಕಣ್ಣು ಮುಚ್ಚಿ ನೋಡಿದರು. ಪುಟ್ಟಿಯೂ ನೋಡಿದಳು. ಪುಟಾಣಿ ಸುರುಳಿಗಳು, ತೊಟ್ಟಿಲಲ್ಲಿ ಮಲಗಿದಂತೆ. ಆ ಒಂದು ಸಲ ಅವಳಿಗೆ ಕತೆ ಕಟ್ಟಬೇಕೆನಿಸಲಿಲ್ಲ.

ನಾಲ್ವರಿಗೂ ಮಾತ್ರೆ ಬರೆದುಕೊಟ್ಟು, "ನೋವು ಹೋಗೋಕೆ ಸಮಯ ಬೇಕು, ಆದ್ರೆ ಹೋಗುತ್ತೆ" ಎಂದರು ಡಾಕ್ಟರಮ್ಮ. ಇನ್ಸ್‌ಪೆಕ್ಟರು ಮಿಕ್ಕ ಮಾಂಸವನ್ನು ಉರಿಯುವ ಭಟ್ಟಿಗೆ ಹಾಕಿಸಿ, ಬೂದಿಯಾಗುವವರೆಗೂ ನಿಂತು ನೋಡಿದರು. ಬೀದಿನಾಯಿ ಮಾತ್ರ ಅವರತ್ತ ಗುರುಗುಟ್ಟಿತು. ಆಮೇಲೆ ಅವರು ಬಂದು ಅಡುಗೆಮನೆಯ ಅರಗನ್ನು ತಾವೇ ಒಡೆದು, "ತಪ್ಪು ತಿಳ್ಕೋಬೇಡಿ ಅಮ್ಮಾ" ಎಂದರು.

ಅಮ್ಮ ಬಾಗಿಲು ತಳ್ಳಿದಳು. ಒಳಹೊಕ್ಕು ಒಲೆ ಹಚ್ಚಿದಳು. ಎಲ್ಲರೂ ಪಾತ್ರೆಗಳ ಸದ್ದು ಕೇಳುತ್ತ ಕೂತರು. ಮಾವ ತಲೆ ತಗ್ಗಿಸಿ ಜೇಬಿನ ಗೊಂಚಲಿನಿಂದ ಹಂದಿಕೋರೆಯನ್ನು ಕಳಚಿ ಮೇಜಿನ ಮೇಲಿಟ್ಟ. ಕೊನೆಗೆ ಅಮ್ಮ ಹಬೆಯಾಡುವ ಒಂದು ಬಟ್ಟಲು ಹಿಡಿದು ಹೊರಬಂದಳು. ನೇರ ಅವನೆದುರು ನಿಂತಳು.

"ಕೈ ಎತ್ತು ನೋಡೋಣ."

ಮಾವ ಎತ್ತಲು ಹೋದ. ತೋಳು ಅರ್ಧಕ್ಕೆ ನಿಂತಿತು.

"ಇಷ್ಟು ನೋವಿಟ್ಕೊಂಡು ಅಷ್ಟು ಹಿಟ್ಟು ನಾದಿದ್ಯೇನೋ ಪೆದ್ದ! ಒಂದು ಮಾತು ಹೇಳೋಕೆ ನಾನು ಹುಲಿನಾ ಕರಡಿನಾ?" ಅಮ್ಮನ ಕಣ್ಣು ಆಗ ತುಂಬಿತು. ನಿನ್ನೆ ಬೆಳಗ್ಗೆ ಮುದ್ರೆ ಬಿದ್ದಾಗ ಬಾರದ ಅಳು ಈಗ ಬಂತು. ಚಮಚ ತುಂಬಿಸಿ ಅವನ ತುಟಿಗೆ ಹಿಡಿದಳು. "ಬಾಯಿ ತೆಗಿ."

ಮಾವ ಬಟ್ಟಲಿಗೆ ಇಣುಕಿದ. "ಇದೇನಕ್ಕ?"

"ಅಣಬೆ ಸೂಪು" ಎಂದಳು ಅಮ್ಮ. "ಚೆನ್ನಾಗಿ ಬೆಂದಿದೆ."