ನೀಲಿ ಗೀರು

"ಅಲ್ಲಾಡಬೇಡಿ... ಎದುರಿಗೇ ಕೂತಿದೆ."

ಬೆನ್ನ ಹಿಂದಿನ ಆ ದನಿಗೆ ಅವಳ ಎದೆ ಧಸಕ್ಕೆಂದಿತು. ಐದು ವರ್ಷವಾದರೂ ಮರೆಯಲಾಗದ ದನಿ!

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅವಳು ಹಕ್ಕಿಯ ಫೋಟೋ ತೆಗೆಯಲು ಹೊರಟದ್ದು ಅದೇ ಮೊದಲು. ಲ್ಯಾಬಿನ ಡಾಕ್ಟರು ತಮ್ಮ ಹಳೆಯ ಕ್ಯಾಮೆರಾ ಕೊಟ್ಟು, ವಾರಕ್ಕೊಮ್ಮೆಯಾದರೂ ಮನೆಯಿಂದ ಆಚೆ ಬಾ ಎಂದು ಗದರಿದ್ದರು. ಪಾರ್ಕಿನ ಕೊಳದ ಬಳಿ ಎರಡು ಗಂಟೆ ಕೂತು ತೆಗೆದದ್ದೆಲ್ಲ ಬರೀ ಖಾಲಿ ಕೊಂಬೆ. ಈಗ ಕಲ್ಲಿನ ಮೇಲೆ ಮಿಂಚುಳ್ಳಿ ಬಂದಿದೆ... ಹಿಂದೆ ಅವನು!

ಕ್ಯಾಮೆರಾ ಅಲುಗಿತು. ಗುಂಡಿ ಒತ್ತುವಷ್ಟರಲ್ಲಿ ಹಕ್ಕಿ ಹಾರಿತ್ತು. ಪರದೆಯಲ್ಲಿ ಉಳಿದದ್ದು ಒಂದು ನೀಲಿ ಗೀರು.

ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡರೆ ಅಲುಗುವುದಿಲ್ಲ ಎಂದು ಅವನು ಮೆಲ್ಲಗೆ ಹೇಳಿದ. ಗಡಿಯಾರ ರಿಪೇರಿ ಮಾಡುವವನು. ಕೈ ಅಲುಗದಿರುವುದೇ ಅವನ ಹೊಟ್ಟೆಪಾಡು.

ಮದುವೆ ಗೊತ್ತಾದ ಮೇಲೆ ಇದ್ದಕ್ಕಿದ್ದಂತೆ ದೂರವಾದವನು ಈಗ ಪಾಠ ಹೇಳಲು ಬಂದಿದ್ದಾನೆ... ಅವಳ ಮೈಯೆಲ್ಲ ಉರಿಯಿತು.

"ಅವತ್ತು ಯಾಕೆ ಬೇಡ ಅಂದ್ರಿ?" ಎಂದು ತಿರುಗಿ ಕೇಳಿದಳು.

ಅವಳ ಮುಖ ಕಂಡು ಅವನು ತಬ್ಬಿಬ್ಬಾದ. "ನಾನಾ? ಬೇಡ ಅಂದಿದ್ದು ನೀವಲ್ವಾ? ನಿಮ್ಮ ಅಕ್ಕ ಅಂಗಡಿಗೇ ಬಂದು ಹೇಳಿದ್ರು... ತಂಗಿಗೆ ಮನಸ್ಸಿಲ್ಲ, ಮತ್ತೆ ಬಂದು ನೋಯಿಸಬೇಡಿ ಅಂತ."

ಅಕ್ಕ...

ಅದೇ ಅಕ್ಕ ಮನೆಗೆ ಬಂದು, ಹುಡುಗನೇ ಬೇಡವೆಂದ ಎಂದು ಅವಳನ್ನು ತಬ್ಬಿಕೊಂಡು ಅತ್ತಿದ್ದಳು. ಆಗ ಅಕ್ಕನ ಅವಳಿ ಮಕ್ಕಳಿಗೆ ಆರು ತಿಂಗಳು. ಅವುಗಳನ್ನು ಎತ್ತಿ ಆಡಿಸಿದ್ದು, ಜ್ವರ ಬಂದಾಗ ಮಡಿಲಲ್ಲಿಟ್ಟುಕೊಂಡದ್ದು, ಶಾಲೆಗೆ ಸೇರಿಸಿದ್ದು ಎಲ್ಲ ಇವಳೇ. ನೀನಿಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ ಎಂದು ಅಕ್ಕ ಆಗಾಗ ಹೇಳುತ್ತಿದ್ದಳು. 'ಅದನ್ನು ಪ್ರೀತಿ ಅಂದುಕೊಂಡಿದ್ದೆನಲ್ಲ...'

ಬಾಯೆಲ್ಲ ಕಹಿಯಾಯಿತು. ಅಳು ಮಾತ್ರ ಬರಲಿಲ್ಲ.

ತನಗಿನ್ನೂ ಮದುವೆಯಾಗಿಲ್ಲ, ಮನೆಯವರು ತೋರಿಸಿದವರನ್ನೆಲ್ಲ ನೆಪ ಹೇಳಿ ಬಿಟ್ಟೆ ಎಂದ ಅವನು. ಆ ಮಾತೂ ಅವಳಿಗೆ ಹಿತವೆನಿಸಲಿಲ್ಲ.

"ಅಕ್ಕ ಸುಳ್ಳು ಹೇಳಿದ್ಲು, ಸರಿ. ನೀವು ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ವಾ?"

"ಕೇಳಬೇಕಿತ್ತು. ಅಭಿಮಾನ ಅಡ್ಡ ಬಂತು."

ತಾನೂ ಕೇಳಿರಲಿಲ್ಲ. ತನಗೂ ಅದೇ ಅಡ್ಡ ಬಂದಿತ್ತು. ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

"ಈಗ ಕೇಳ್ತಿದೀನಿ," ಎಂದ ಅವನು. "ನನ್ನ ಮದುವೆ ಆಗ್ತೀರಾ?"

ಅವಳು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಎದ್ದಳು.

"ಆಗ್ತೀನಿ. ಆದ್ರೆ ಮೊದಲು ಮನೆಗೆ ಹೋಗಿ ಅಕ್ಕನ ಮುಖ ನೋಡಬೇಕು."

"ನಾನೂ ಬರ್ಲಾ?"

"ಗೇಟಿನವರೆಗೆ ಬನ್ನಿ, ಸಾಕು. ನನ್ನ ಕಂಡ್ರೆ ಮಕ್ಕಳು ಓಡಿ ಬಂದು ಕಾಲು ಅಪ್ಪಿಕೊಳ್ತವೆ... ಅದನ್ನ ನಿಮ್ಮೆದುರು ತಡ್ಕೊಳ್ಳೋಕೆ ನಂಗಾಗಲ್ಲ."

"ಹೊರಗೇ ನಿಂತಿರ್ತೀನಿ. ಎಷ್ಟು ಹೊತ್ತಾದ್ರೂ."