ಏಳು ಗಂಟಿನ ಬೆಳ್ಳಿ

"ಬಿಚ್ಚಬೇಡಿ ಮಾರಾಯ್ರೆ. ಹಾಗೆಯೇ ಮರಳು ಮುಚ್ಚಿ ಬನ್ನಿ," ಅಂದ ಶಮೀರ್. ಕಾರಿನಿಂದ ಇಳಿದಿದ್ದರೂ ಅವನು ಗುಂಡಿಯ ಹತ್ತಿರ ಬರಲಿಲ್ಲ.

ಬಾಳಪ್ಪ ನಕ್ಕ. ಗಲ್ಫಿನ ಮುಸಫ್ಫಾದ ವರ್ಕ್‌ಶಾಪೊಂದರಲ್ಲಿ ವೆಲ್ಡಿಂಗ್ ತಪಾಸಣೆ ಅವನ ಕೆಲಸ. ಮೆಟಲ್ ಡಿಟೆಕ್ಟರ್ ಹೊಸ ಹುಚ್ಚು. ಮೂರು ಭಾನುವಾರ ಸಿಕ್ಕಿದ್ದು ಬರೀ ಮೊಳೆ, ಬಾಟಲಿ ಮುಚ್ಚಳ. ಇವತ್ತು, ಜನ ಎಂದೋ ಬಿಟ್ಟುಹೋದ ಮೀನುಗಾರರ ಕೇರಿಯಲ್ಲಿ, ಕುಸಿದ ಗೋಡೆಯ ಬುಡದಲ್ಲಿ ಯಂತ್ರ ಒಮ್ಮೆಲೇ ಕಿರುಚಿತ್ತು. ಮೊಳದಾಳದಲ್ಲಿ ಕಪ್ಪು ಬಟ್ಟೆಯ ಪೊಟ್ಟಣ. ಹೆಣ್ಣಿನ ಉದ್ದ ಕೂದಲಿನಿಂದ ಏಳು ಗಂಟು ಹಾಕಿ ಬಿಗಿದದ್ದು.

"ಮಾಟದ್ದು ಅದು. ಮೊದಲು ಚರ್ಮ ಸಾಯ್ತದೆ, ಆಮೇಲೆ ಎದೆ ಸಾಯ್ತದೆ ಅಂತ ಇಲ್ಲಿಯ ಹಳೇ ಮೀನುಗಾರರು ಹೇಳ್ತಾರೆ."

"ಮೂವತ್ತ ವರ್ಷ ಟ್ಯಾಕ್ಸಿ ಓಡಿಸಿ ಇದನ್ನ ಕಲ್ತಿ ಏನ್ ಶಮೀರಣ್ಣ? ಖಲಾಸ್, ಸುಮ್ನಿರು."

ಚಾಕುವಿನಿಂದ ಕೂದಲು ಕೊಯ್ದ. ಕೊಳೆತ ಮೀನಿನದೂ ಸುಟ್ಟ ಲೋಬಾನದ್ದೂ ಬೆರೆತ ವಾಸನೆ ಗಂಟಲಿಗೆ ಅಡರಿತು. ಒಳಗೆ ಏಳು ಬೆಳ್ಳಿ ರೂಪಾಯಿ. ಒಂದು ಕಾಲಕ್ಕೆ ಈ ಕರಾವಳಿಯಲ್ಲೂ ಓಡುತ್ತಿದ್ದ, ಬ್ರಿಟಿಷ್ ರಾಜನ ತಲೆಯಿದ್ದ ಇಂಡಿಯಾದ ನಾಣ್ಯ. ಏಳರಲ್ಲೂ ರಾಜನ ಕಣ್ಣನ್ನು ಯಾರೋ ಕೆರೆದು ತೆಗೆದಿದ್ದರು. ಸೆಪ್ಟೆಂಬರಿನ ಬಿಸಿಲಿನಲ್ಲೂ ಅವು ಮಂಜಿನಷ್ಟು ತಣ್ಣಗಿದ್ದವು. ಬಾಳಪ್ಪ ಬಟ್ಟೆಸಮೇತ ಅವನ್ನು ಮನೆಗೆ ಒಯ್ದ.

ಬುಧವಾರ ವರ್ಕ್‌ಶಾಪಿನಲ್ಲಿ ಮಾಂಸ ಸುಟ್ಟ ವಾಸನೆ ಬಂತು. ಯಾರದೆಂದು ಬಾಳಪ್ಪ ಸುತ್ತಲೂ ನೋಡಿದ. ಆಗಷ್ಟೇ ಬೆಸೆದ ಪೈಪಿನ ಮೇಲೆ ತನ್ನದೇ ಅಂಗೈ ಊರಿತ್ತು. ಎತ್ತಿದಾಗ ಚರ್ಮ ಅಲ್ಲೇ ಉಳಿಯಿತು. ನೋವಿರಲಿಲ್ಲ. ಡಾಕ್ಟರು ನರದ ಪರೀಕ್ಷೆ ಮಾಡಿ ಗುಳಿಗೆ ಕೊಟ್ಟರು.

ಶುಕ್ರವಾರ ಇಳಕಲ್ಲಿನಿಂದ ಫೋನು. ಅಣ್ಣ ತೀರಿಕೊಂಡಿದ್ದ. ಬಾಳಪ್ಪ "ಹೌದಾ" ಅಂದು ರೊಟ್ಟಿ ಮುರಿದುಕೊಂಡ.

ಶನಿವಾರ ಎರಡು ವರ್ಷದ ಮಗಳು ಸೋಫಾದಿಂದ ಬಿದ್ದಳು. ಹುಬ್ಬು ಒಡೆಯಿತು. ರಕ್ತ ಟೈಲ್ಸಿನ ಸಂದಿಯಲ್ಲಿ ಮೆಲ್ಲಗೆ ಹರಿಯುತ್ತ ಬಂದು ಅವನ ಹೆಬ್ಬೆರಳಿಗೆ ತಾಗಿತು. ಬಾಳಪ್ಪ ನೋಡುತ್ತಿದ್ದ. ಬಚ್ಚಲಿನಿಂದ ಹೆಂಡತಿ ಸಾಕ್ಷಿ ಓಡಿಬಂದಳು.

"ಕೂಸಿಗೆ ರಕ್ತ ಸೋರಾಕ್ಹತ್ತೈತಿ, ನೋಡ್ಕೋತ ಕುಂತೀರಲ್ರೀ!"

"ಏಳಬೇಕು ಅನ್ನಿಸ್ಲಿಲ್ಲ," ಅಂದ. ಅದು ನಿಜವೇ ಆಗಿತ್ತು.

ಮಗಳ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದ ಸಾಕ್ಷಿ ಶಮೀರನಿಗೆ ಫೋನ್ ಮಾಡಿದಳು. ಅವನು ಒಬ್ಬ ಮುದುಕ ಮೀನುಗಾರನನ್ನು ಕೇಳಿಕೊಂಡು ಬಂದ. ಬೆಳ್ಳಿಯನ್ನು ಅದೇ ಗುಂಡಿಯಲ್ಲಿ, ಅದೇ ಬಟ್ಟೆಯಲ್ಲಿ ಮತ್ತೆ ಕಟ್ಟಬೇಕು. ಕಟ್ಟುವವನ ಕಣ್ಣೀರು ಬಟ್ಟೆಗೆ ಬೀಳಬೇಕು. ಅಷ್ಟೇ ದಾರಿ.

ಭಾನುವಾರ ಮತ್ತೆ ಅದೇ ಕೇರಿ. ಮಗಳು ಎಸಿ ಹಾಕಿದ ಕಾರಿನಲ್ಲಿ ಮಲಗಿದ್ದಳು. ಗುಂಡಿಯ ಮುಂದೆ ಬಾಳಪ್ಪ ಮಂಡಿಯೂರಿದ.

"ಅಳ್ರೀ," ಅಂದಳು ಸಾಕ್ಷಿ. "ಅಣ್ಣ ಹೋದ. ನಿಮಗ ಟೈಫಾಯ್ಡ್ ಆದಾಗ ಹದಿನೆಂಟ ದಿನ ದವಾಖಾನಿ ಬಾಗಿಲಾಗ ಮಲಗಿದ್ದ ಅಣ್ಣ. ಅವನ ಮಣ್ಣಿಗೂ ಹೋಗ್ಲಿಲ್ಲ ನೀವು. ಅಳ್ರೀ!"

ಅವನಿಗೆ ಎಲ್ಲ ನೆನಪಿತ್ತು. ಎಲ್ಲವೂ ಇನ್ಯಾರದೋ ಕತೆಯಂತಿತ್ತು. ಕಣ್ಣು ಒಣಗಿಯೇ ಇದ್ದವು.

ಸಾಕ್ಷಿ ಅವನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಆಮೇಲೆ ತಾನೇ ಬಿಕ್ಕಿದಳು. ಒಂದು ಹನಿ ಬಟ್ಟೆಯ ಮೇಲೆ ಬಿತ್ತು. ಚುರ್ರೆಂದಿತು. ಬೆಳ್ಳಿ ಮಿಸುಕಿತು.

ಅವಳು ಅದನ್ನೇ ನೋಡಿದಳು. "ಶಮೀರಣ್ಣ, ನಾ ಕಟ್ಟಿದ್ರ ನಡೀತೈತೇನು?"

"ನಡೀಬಹುದು," ಅಂದ ಶಮೀರ್.

"ಕಟ್ಟಿದವರಿಗೆ ಏನಾಗ್ತೈತಿ?"

ಶಮೀರ್ ಬಾಳಪ್ಪನ ಮುಖ ನೋಡಿದ. ಆ ನೋಟದ ಅರ್ಥ ಬಾಳಪ್ಪನಿಗೆ ಪೂರ್ತಿ ಗೊತ್ತಾಯಿತು: ಬೇರೆಯವರು ಕಟ್ಟಿದರೆ ಮಾಟ ಅವರಿಗೇ ದಾಟುತ್ತದೆ. ಬ್ಯಾಡ ಅಂದರೆ ಸಾಕಿತ್ತು. ಕೈ ಹಿಡಿದರೆ ಸಾಕಿತ್ತು. ಹಿಡಿಯಬೇಕು ಅನ್ನಿಸಲಿಲ್ಲ.

ಸಾಕ್ಷಿ ತಲೆಯಿಂದ ಒಂದೆಳೆ ಕೂದಲು ಕಿತ್ತಳು. ಒಂದು ಗಂಟು. ಎರಡು. ಗಾಳಿ ನಿಂತಿತು. ಮತ್ತೊಂದೆಳೆ ಕಿತ್ತಳು. ಮೂರು. ನಾಲ್ಕು. ಸಮುದ್ರದ ಸದ್ದು ನಿಂತಿತು. ಐದು. ಹಾಡುಹಗಲೇ ಗುಂಡಿಯೊಳಗೆ ಕತ್ತಲೆ ನೀರಿನಂತೆ ಒಸರಿತು. ಆರು. ಅವಳ ಅಳು ನಿಂತಿತು.

ಏಳು.

ಬಾಳಪ್ಪನ ಅಂಗೈಗೆ ಬೆಂಕಿ ಹತ್ತಿತು. ಅವನು ಚೀರಿದ. ಆಮೇಲೆ ಅಣ್ಣನ ಸಾವು ಬಂದು ಎದೆಗೆ ಬಡಿಯಿತು. ಆಮೇಲೆ ಮಗಳ ರಕ್ತ. ಕಟ್ಟಕಡೆಗೆ, ಒಂದು ಮಾತೂ ಆಡದೆ ತಾನು ಸುಮ್ಮನಿದ್ದ ಆ ಗಳಿಗೆ.

"ಸಾಕ್ಷಿ! ಬಿಚ್ಚು ಅದನ್ನ! ನನಗ ಕೊಡು!"

ಅವಳು ಆಗಲೇ ಮರಳು ಮುಚ್ಚಿ ಸಮ ಮಾಡುತ್ತಿದ್ದಳು. ಅವಳನ್ನು ಸರಿಸಿ ಬಾಳಪ್ಪ ಹಸಿಗಾಯದ ಕೈಯಿಂದಲೇ ತೋಡಿದ. ಒಂದು ಮೊಳ. ಎರಡು ಮೊಳ. ಬರೀ ಮರಳು. ಡಿಟೆಕ್ಟರ್ ತಂದು ಗುಂಡಿಯ ಮೇಲೆ ಆಡಿಸಿದ. ಗೋಡೆಯುದ್ದಕ್ಕೂ ಆಡಿಸಿದ. ಅದು ಒಂದು ಸದ್ದೂ ಮಾಡಲಿಲ್ಲ.

"ಸಾಕು ಬನ್ನಿ," ಅಂದ ಶಮೀರ್. ಅವನು ಡಿಟೆಕ್ಟರ್ ಹಿಡಿದು ನಿಲ್ಲಿಸಿದ. "ಅದು ಇನ್ನು ಸಿಗುವುದಿಲ್ಲ."

ಕಾರಿನಲ್ಲಿ ಮಗಳು ಎದ್ದು ಅಳತೊಡಗಿದ್ದಳು. ಬಾಳಪ್ಪ ಓಡಿಹೋಗಿ ಎತ್ತಿಕೊಂಡು ಬಂದ. ಅವನ ಅಂಗೈಯ ರಕ್ತ ಅವಳ ಫ್ರಾಕಿಗೆ ಹತ್ತಿತು. ಸಾಕ್ಷಿಯನ್ನು ಕಂಡದ್ದೇ ಮಗು "ಅವ್ವಾ" ಅಂತ ಎರಡೂ ಕೈ ಚಾಚಿತು.

ಮಗು ನಿದ್ದೆಯಲ್ಲಿ ಕೆಮ್ಮಿದರೂ ಎದ್ದು ಕೂರುತ್ತಿದ್ದವಳು ಸಾಕ್ಷಿ. ಈಗ ಅವಳು ಕೈಗೆ ಮೆತ್ತಿದ ಮರಳು ಕೊಡವಿಕೊಂಡಳು. ಬಸ್ಸಿನಲ್ಲಿ ಪಕ್ಕದ ಸೀಟಿನವರ ಮಗುವನ್ನು ನೋಡುವಂತೆ ಅದನ್ನು ತುಸು ಹೊತ್ತು ನೋಡಿದಳು.

"ನೆರಳಿನ್ಯಾಗ ಹಿಡೀರಿ," ಅಂದು ಒಬ್ಬಳೇ ಕಾರಿನತ್ತ ನಡೆದಳು.