ಎಂಟನೇ ಮನೆಯ ಅಕ್ಕಿ

"ಆರಿಸಿ! ಮೊದಲು ಆ ಸ್ಟವ್ ಆರಿಸಿ!"

ಗ್ರೆಟ್ಟಾ ತಿರುಗಿ ನೋಡುವಷ್ಟರಲ್ಲಿ ಅರ್ಧ ಬಕೆಟ್ ಮರಳು ಸ್ಟವ್ ಮೇಲೆ ಬಿದ್ದಾಗಿತ್ತು. ಸ್ಟವ್ ಮೇಲೆ ಕುದಿಯುತ್ತಿದ್ದ ಬಂಗುಡೆ ಸಾರಿನ ಮೇಲೂ!

"ನಿಮಗೆ ತಲೆ ಸರಿ ಉಂಟಾ?" ಅವಳು ಕಿರುಚಿದಳು.

"ನನಗೆ ಉಂಟು. ಖರ್ಜೂರದ ಗರಿಯ ಬೇಲಿಗೆ ತಾಗಿಸಿ ಸೀಮೆಎಣ್ಣೆ ಸ್ಟವ್ ಇಟ್ಟವರಿಗೆ ಉಂಟಾ ಅಂತ ಗೊತ್ತಿಲ್ಲ," ಎಂದ ಆ ಮನುಷ್ಯ, ಖಾಲಿ ಬಕೆಟ್ ಹಿಡಿದುಕೊಂಡು. "ಹೋದ ತಿಂಗಳು ಮಮ್ಮದನ ಕೋಣೆ ಹೀಗೇ ಸುಟ್ಟು ಹೋದದ್ದು. ಇಲ್ಲಿ ಹದಿನಾಲ್ಕು ಮನೆ ಉಂಟು ಬಾಯಿ. ಒಂದು ಕಿಡಿ ಸಾಕು."

ಅಷ್ಟು ಹೇಳಿ ಹೊರಟೇ ಹೋದ. ಒಂದು ಕ್ಷಮೆ ಇಲ್ಲ, ಹೆಸರು ಕೇಳುವುದಿಲ್ಲ, ಊರಿನ ಕೊಂಕಣಿ ಹೆಂಗಸರನ್ನು ಕರೆದ ಹಾಗೆ ಬರೀ 'ಬಾಯಿ'!

ಅದು ತೊಂಬತ್ತಮೂರರ ಜನವರಿ. ಅರಬ್ ನಾಡಿನ ಸುವೈಕ್ ಪೇಟೆಯ ಕ್ಲಿನಿಕ್ಕಿಗೆ ನರ್ಸ್ ಆಗಿ ಶಿರ್ವದಿಂದ ಬಂದ ಗ್ರೆಟ್ಟಾಳಿಗೆ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ತನ್ನ ಖರ್ಜೂರದ ತೋಟದೊಳಗಿನ ಎಂಟನೇ ಮನೆ ಕೊಟ್ಟಿದ್ದ. ಮನೆ ಎಂದರೆ ಗರಿಯ ಬೇಲಿ, ತಗಡಿನ ಮಾಡು, ಜೊತೆಗಿರಲು ಕಫೀಲನ ಮನೆಯಲ್ಲಿ ಅಡುಗೆ ಮಾಡುವ ಖದೀಜಮ್ಮ.

"ಅವ ಪಿಯುಸ್," ಎಂದರು ಖದೀಜಮ್ಮ, ಮರಳು ತುಂಬಿದ ಮೀನನ್ನು ತೊಟ್ಟಿಗೆ ಸುರಿಯುತ್ತಾ. "ತೋಟದ ಪಂಪ್ ಮೆಕ್ಯಾನಿಕ್. ನಿಮ್ಮವನೇ, ಬೆಳ್ಮಣ್‌ನವ. ಒಳ್ಳೆ ಹುಡುಗ. ಮಾತು ಮಾತ್ರ ಕಡಿಮೆ."

ಕಡಿಮೆಯಂತೆ! ಗ್ರೆಟ್ಟಾ ಆ ದಿನ ಹಸಿದೇ ಮಲಗಿದಳು.

ಮರುದಿನ ಕೆಲಸದಿಂದ ಬಂದು ನೋಡಿದರೆ ಅಡುಗೆಯ ಮೂಲೆಗೆ ಹೊಸ ತಗಡಿನ ಗೋಡೆ ನಿಂತಿತ್ತು. ಪಕ್ಕದಲ್ಲಿ ಕಾಗದ ಸುತ್ತಿದ ಎರಡು ಬಂಗುಡೆ. ಯಾರು ಇಟ್ಟರು ಎಂದು ಕೇಳಬೇಕಾಗಿರಲಿಲ್ಲ. ಅಂದಿನಿಂದ ಪಂಪ್ ಶೆಡ್ಡಿನ ಕಡೆಗೆ ಕಣ್ಣು ತಾನಾಗಿಯೇ ಹೋಗತೊಡಗಿತು... ಅದಕ್ಕೆ ಅವಳಿಗೆ ಅವಳ ಮೇಲೆಯೇ ಸಿಟ್ಟು!

ತಿಂಗಳಿಗೊಂದು ಶುಕ್ರವಾರ ದೂರದ ರುವಿ ಪೇಟೆಯ ಚರ್ಚಿಗೆ ವ್ಯಾನ್ ಹೋಗುತ್ತಿತ್ತು. ಪಿಯುಸ್ ಅವಳಿಗೆ ಕಿಟಕಿಯ ಸೀಟು ಹಿಡಿದಿಡುತ್ತಿದ್ದ. ಆಮೇಲೆ ತಾನು ಮುಂದೆ ಡ್ರೈವರ್ ಪಕ್ಕ ಕೂತು, ಎರಡು ಗಂಟೆಯ ದಾರಿಯಲ್ಲಿ ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ. 'ಮಾತಾಡದವನು ಸೀಟು ಯಾಕೆ ಹಿಡಿಯಬೇಕು?' ಅವಳು ಒಳಗೊಳಗೇ ಕುದಿಯುತ್ತಿದ್ದಳು.

ಫೆಬ್ರವರಿಯಲ್ಲಿ ಕಳ್ಳತನ ಶುರುವಾಯಿತು. ಮೊದಲು ಪಂಪಿನ ತಾಮ್ರದ ತಂತಿ, ಆಮೇಲೆ ಎರಡು ಆಡು, ಆಮೇಲೆ ಮಮ್ಮದ್ ಮತ್ತೆ ಕೊಂಡಿದ್ದ ರೇಡಿಯೋ. ಎಲ್ಲರೂ ಕಂಗಾಲಾಗಿ ಕೂತಾಗ ದಾರಿ ತೋರಿಸಿದವಳು ಸುಮರ್ನಿ, ಕಫೀಲನ ಮಕ್ಕಳನ್ನು ನೋಡಿಕೊಳ್ಳುವ ಜಾವಾದವಳು.

ಅವಳ ಹಳ್ಳಿಯಲ್ಲಿ ಗದ್ದೆಯ ನಡುವೆ ಬಿದಿರಿನ ಮನೆಗಳಂತೆ. ದನ ಕದಿಯುವವರ ಕಾಟ ಅಲ್ಲೂ ಇತ್ತಂತೆ. ಪೊಲೀಸರು ಬರುವಾಗ ಬೆಳಗಾಗುತ್ತದೆ, ಹಾಗಾಗಿ ಊರನ್ನು ಊರೇ ಕಾಯುತ್ತದೆ. ಪ್ರತಿ ಮನೆಗೂ ವಾರದಲ್ಲೊಂದು ಪಾಳಿ. ಮನೆಯ ಯಜಮಾನನ ಹೆಸರು ಹಲಗೆಯ ಮೇಲೆ. ಸಂಜೆ ಪ್ರತಿ ಮನೆಯವರೂ ಬಾಗಿಲಲ್ಲಿ ನೇತುಹಾಕಿದ ಡಬ್ಬಿಗೆ ಒಂದು ಹಿಡಿ ಅಕ್ಕಿ ಹಾಕಬೇಕು. ಕಾವಲಿನವನು ಸುತ್ತು ಬರುವಾಗ ಅದನ್ನು ತೆಗೆದುಕೊಳ್ಳುತ್ತಾನೆ. ಬೆಳಿಗ್ಗೆ ಡಬ್ಬಿ ಖಾಲಿಯಿದ್ದರೆ ಕಾವಲಿನವನು ನಿದ್ದೆ ಹೊಡೆಯದೆ ಬಂದಿದ್ದಾನೆ ಎಂದು ಮನೆಯವರಿಗೆ ಗೊತ್ತಾಗುತ್ತದೆ. ಕೂಡಿದ ಅಕ್ಕಿ ಮನೆ ಸುಟ್ಟವರಿಗೆ, ಕಾಯಿಲೆ ಬಿದ್ದವರಿಗೆ.

"ಪಾಳಿಯಲ್ಲಿ ಇಲ್ಲದ ಮನೆ ಊರಿನ ಮನೆಯೇ ಅಲ್ಲ," ಎಂದಿದ್ದಳು ಸುಮರ್ನಿ, ತನ್ನ ಹರಕುಮುರುಕು ಹಿಂದಿಯಲ್ಲಿ.

ಎಲ್ಲರಿಗೂ ಹಿಡಿಸಿತು. ಹಾಲಿನ ಪುಡಿಯ ಖಾಲಿ ಡಬ್ಬಿಗಳು ಹದಿನಾಲ್ಕು ಬಾಗಿಲಲ್ಲಿ ತೂಗಾಡಿದವು. ಪಟ್ಟಿ ಬರೆಯುವ ಕೆಲಸ ಪಿಯುಸ್‌ನದ್ದು.

ಗ್ರೆಟ್ಟಾ ಆಸೆಯಿಂದ ಓದಿದಳು. ಏಳರ ನಂತರ ಒಂಬತ್ತು. ಎಂಟನೇ ಮನೆಯೇ ಇಲ್ಲ!

"ನಮ್ಮ ಮನೆ ಎಲ್ಲಿ?"

ಪಿಯುಸ್ ನೆಲ ನೋಡಿದ. "ಅದು... ಆಮೇಲೆ ಬರೀತೇನೆ ಬಾಯಿ."

"ಆಮೇಲೆ ಅಂದ್ರೆ ಯಾವಾಗ? ಹೆಂಗಸರ ಮನೆ ಅಂತ ಲೆಕ್ಕಕ್ಕಿಲ್ವಾ?"

ಅವನು ಪಂಪ್ ರಿಪೇರಿ ಉಂಟು ಎಂದು ಹೊರಟುಹೋದ.

"ಒಂದು ಕಾಳು ಅಕ್ಕಿ ಹಾಕ್ಲಿಕ್ಕಿಲ್ಲ!" ಎಂದು ಗ್ರೆಟ್ಟಾ ಖದೀಜಮ್ಮನಿಗೆ ಆಣೆ ಹಾಕಿದಳು. "ಯಾರಾದ್ರೂ ಕೇಳ್ಲಿಕ್ಕೆ ಬರ್ಲಿ. ಆಗ ಮಾತಾಡ್ತೇನೆ."

ಯಾರೂ ಬರಲಿಲ್ಲ. ಒಂದು ವಾರ, ಒಂದು ತಿಂಗಳು, ನಾಲ್ಕು ತಿಂಗಳು... ಜಗಳಕ್ಕೆಂದು ಸೆರಗು ಕಟ್ಟಿ ನಿಂತವಳಿಗೆ ಎದುರಾಳಿಯೇ ಇಲ್ಲ! ಅಕ್ಕಿ ಕೊಡದಿದ್ದರೂ ಕೇಳುವವರಿಲ್ಲ ಎಂದರೆ, ಈ ತೋಟದಲ್ಲಿ ತಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದಾಯಿತಲ್ಲ! ಅವಳಿಗೆ ಅಳು ಬರುತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಅವನ ಲೆಕ್ಕದಲ್ಲಿ ತಾನಿಲ್ಲ ಎಂಬುದೇ ಅವಳನ್ನು ಸುಡುತ್ತಿತ್ತು.

ಜೂನ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಖದೀಜಮ್ಮ ಏದುಸಿರು ಬಿಡುತ್ತಾ ಓಡಿ ಬಂದರು.

"ಪಿಯುಸ್‌ನ್ನು ಹಿಡ್ದಿದ್ದಾರೆ! ಅಕ್ಕಿ ಕದ್ದನಂತೆ!"

"ಯಾರ ಅಕ್ಕಿ?"

"ನಮ್ಮದು!"

ಪಂಪ್ ಶೆಡ್ಡಿನ ನೆರಳಲ್ಲಿ ಇಡೀ ತೋಟ ಸೇರಿತ್ತು. ನಡುವೆ ಪಿಯುಸ್ ತಲೆತಗ್ಗಿಸಿ ನಿಂತಿದ್ದ. ನಿನ್ನೆ ಪಾಳಿಯಲ್ಲಿದ್ದ ಇಸ್ಮಾಯಿಲ್ ಕಂಡದ್ದನ್ನು ಹೇಳುತ್ತಿದ್ದ. ಸಂಜೆ ಸುತ್ತು ಶುರು ಮಾಡುವಾಗ ಎಂಟನೇ ಮನೆಯ ಡಬ್ಬಿಯೊಳಗೆ ಪಿಯುಸ್‌ನ ಕೈ ಇತ್ತು. ಮುಷ್ಟಿಯಲ್ಲಿ ಅಕ್ಕಿಯೂ ಇತ್ತು.

"ಅಕ್ಕಿ ಕದ್ದವನೇ ಆಡು ಕದ್ದದ್ದು, ತಂತಿ ಕದ್ದದ್ದು," ಎಂದ ಮೇಸ್ತ್ರಿ ಬಾದುಶಾ. "ಖಲಾಸ್! ಕಫೀಲನಿಗೆ ಹೇಳ್ತೇನೆ. ನಾಳೆಯೇ ಟಿಕೆಟ್."

ನಾಳೆಯೇ! ಕಳ್ಳ ಎಂಬ ಹೆಸರು ಹೊತ್ತು ಅವನು ಬೆಳ್ಮಣ್‌ಗೆ ಹೋಗುವುದೇ? ಗ್ರೆಟ್ಟಾ ಜನರನ್ನು ಸರಿಸಿಕೊಂಡು ಅವನೆದುರು ಬಂದಳು.

"ಮಾತಾಡಿ ಮಾರಾಯ್ರೆ! ಕದಿಯಲಿಲ್ಲ ಅಂತ ಹೇಳಿ!"

ಅವನು ಅವಳನ್ನು ನೋಡಿದ. ಆ ಕಣ್ಣಲ್ಲಿ ಎಂಥದೋ ಬೇಡಿಕೆಯಿತ್ತು. ಬಾಯಿ ಮಾತ್ರ ಬಿಡಲಿಲ್ಲ. ಅಯ್ಯೋ ದೇವರೇ... ಇವನಿಗೆ ನಾಲಿಗೆ ಯಾಕೆ ಕೊಟ್ಟೆ!

"ತಡೀರಿ," ಎಂದಳು ಸುಮರ್ನಿ. "ನಮ್ಮ ಊರಿನಲ್ಲಿ ಯಾರನ್ನೂ ಹೊರಗೆ ಹಾಕುವ ಮೊದಲು ಆ ಮನೆಯವರನ್ನು ಕೇಳುತ್ತಾರೆ. ಎಂಟನೇ ಮನೆ, ನಿನ್ನೆ ಎಷ್ಟು ಅಕ್ಕಿ ಹಾಕಿದ್ದಿರಿ?"

ಎಲ್ಲರ ಕಣ್ಣು ಗ್ರೆಟ್ಟಾಳ ಮೇಲೆ ಬಿತ್ತು.

ಒಂದು ಹಿಡಿ ಎಂದರೆ ಅವಳ ಮಾನ ಉಳಿಯುತ್ತಿತ್ತು, ಅವನ ಕಥೆ ಮುಗಿಯುತ್ತಿತ್ತು. ನಿಜ ಹೇಳಿದರೆ? ಮನೆ ಸುಟ್ಟ ಮಮ್ಮದನಿಗೆ ಕೂಡಿದ ಅಕ್ಕಿ ಕೊಟ್ಟಾಗಲೂ ಒಂದು ಕಾಳು ಕೊಡದವಳು ಎಂದು ಹದಿಮೂರು ಮನೆಯವರೂ ಉಗಿಯುತ್ತಾರೆ. ನಾಳೆ ಅವರದೇ ಮಕ್ಕಳಿಗೆ ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚಬೇಕು ಅವಳು!

"ಹಾಕಲಿಲ್ಲ," ಎಂದಳು.

"ನಿನ್ನೆ ಮರೆತದ್ದಾ?"

"ಯಾವತ್ತೂ ಹಾಕಲಿಲ್ಲ! ನಾಲ್ಕು ತಿಂಗಳಿಂದ ಒಂದು ಕಾಳೂ ಇಲ್ಲ. ಪಟ್ಟಿಯಲ್ಲಿ ನಮ್ಮನ್ನು ಬಿಟ್ಟಿದ್ದಾರೆ ಅಂತ ಸಿಟ್ಟು ನನಗೆ. ತಪ್ಪು ನನ್ನದು."

ಗುಜುಗುಜು ಎದ್ದಿತು. ಇಸ್ಮಾಯಿಲ್ ತಲೆ ಕೆರೆದುಕೊಂಡ. "ಅದು ಹೇಗೆ ಸಿಸ್ಟರ್? ನನ್ನ ಪಾಳಿಯಲ್ಲಿ ಎಂಟನೇ ಮನೆಯ ಅಕ್ಕಿ ಒಂದು ದಿನವೂ ತಪ್ಪಲಿಲ್ಲ."

"ನನ್ನ ಪಾಳಿಯಲ್ಲೂ," ಎಂದ ಮಮ್ಮದ್. "ಬೇರೆಯವರದ್ದಕ್ಕಿಂತ ಜಾಸ್ತಿಯೇ ಇರ್ತಿತ್ತು."

"ಖದೀಜಮ್ಮ, ನೀವು ಹಾಕಿದ್ದಾ?"

"ನಾನೆಲ್ಲಿಂದ! ಇವಳು ಬಿಡ್ಬೇಕಲ್ಲ!"

ಒಬ್ಬೊಬ್ಬರಾಗಿ ಎಲ್ಲರೂ ಪಿಯುಸ್‌ನ ಕಡೆಗೆ ತಿರುಗಿದರು. ಅವನ ಕಿವಿ ಕೆಂಪಾಗಿತ್ತು.

ಮೊದಲು ನಕ್ಕದ್ದು ಖದೀಜಮ್ಮ. ಆಮೇಲೆ ಇಡೀ ಶೆಡ್ ನಕ್ಕಿತು. "ತೆಗೆದದ್ದಲ್ಲ, ಹಾಕಿದ್ದು!" ಎಂದು ಇಸ್ಮಾಯಿಲ್ ಹಣೆ ಚಚ್ಚಿಕೊಂಡ. ಬಾದುಶಾ ಏನೋ ಗೊಣಗಿ, "ಯಲ್ಲಾ, ಹೋಗಿ ಹೋಗಿ," ಎಂದು ಎಲ್ಲರನ್ನೂ ಅಟ್ಟಿದ. ಹೋಗುವಾಗ ಖದೀಜಮ್ಮ ಸುಮರ್ನಿಯ ಕೈ ಹಿಡಿದು ಎಳೆದುಕೊಂಡು ಹೋದರು.

ಇಬ್ಬರೇ ಉಳಿದರು. ಗ್ರೆಟ್ಟಾಳಿಗೆ ನಗುವುದೋ ಹೊಡೆಯುವುದೋ ತಿಳಿಯಲಿಲ್ಲ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಅಕ್ಕಿ ಕೊಡುದಿಲ್ಲ ಅಂತ ಎಲ್ಲರಿಗೂ ಗೊತ್ತಾಗ್ತಿತ್ತು."

"ಅದಕ್ಕೆ ಕಳ್ಳ ಅಂತ ಊರಿಗೆ ಹೋಗ್ಲಿಕ್ಕೆ ತಯಾರಿದ್ರಾ? ಹುಚ್ಚಾ ನಿಮಗೆ?" ಅವಳ ಕಣ್ಣು ತುಂಬಿ ಬಂತು. "ಅಷ್ಟೆಲ್ಲ ಇದ್ದವರು ಪಟ್ಟಿಯಲ್ಲಿ ನನ್ನನ್ನು ಯಾಕೆ ಬಿಟ್ರಿ?"

ಪಿಯುಸ್ ಹೊರಡಲು ತಿರುಗಿದ. ಈ ಸಲ ಮಾತ್ರ ಅವಳು ಅವನನ್ನು ಹೋಗಲು ಬಿಡಲಿಲ್ಲ. ದಾರಿಗೆ ಅಡ್ಡ ನಿಂತಳು.

"ಪ್ರತಿ ಮನೆಗೂ ಯಜಮಾನನ ಹೆಸರು ಬರೀಬೇಕಿತ್ತು," ಎಂದ ಕೊನೆಗೆ. "ಎಂಟಕ್ಕೆ ಬಂದಾಗ... ನನ್ನ ಹೆಸರೇ ಬರೀಬೇಕು ಅಂತ ಆಸೆ ಆಯ್ತು. ಬರೀಲಿಕ್ಕೆ ಧೈರ್ಯ ಬರ್ಲಿಲ್ಲ. ಬೇರೆ ಹೆಸರು ಬರೀಲಿಕ್ಕೆ ಮನಸ್ಸು ಬರ್ಲಿಲ್ಲ. ಹಾಗೇ ಬಿಟ್ಟುಬಿಟ್ಟೆ."

ನಾಲ್ಕು ತಿಂಗಳು ಅತ್ತದ್ದು, ಹಲ್ಲು ಕಚ್ಚಿದ್ದು, ಕಿಟಕಿಯ ಸೀಟಿನಲ್ಲಿ ಕೂತು ಅವನ ಬೆನ್ನು ನೋಡಿದ್ದು... ಎಲ್ಲಾ ಇದಕ್ಕಾ!

"ಒಂದು ಮಾತು ಕೇಳ್ಲಿಕ್ಕೆ ಏನಾಗಿತ್ತು?"

"ನೀವು ಇಲ್ಲ ಅಂದ್ರೆ?"

"ಕೇಳಿದ್ರಲ್ವಾ ಇಲ್ಲ ಅನ್ನುದು! ಈಗಾದ್ರೂ ಕೇಳಿ."

"ಗ್ರೆಟ್ಟಾ..." ಮೊದಲ ಬಾರಿ 'ಬಾಯಿ' ಇಲ್ಲದೆ ಬಂದಿತ್ತು ಅವಳ ಹೆಸರು. "ನನ್ನನ್ನು ಮದುವೆ ಆಗ್ತೀಯಾ?"

"ಆಗ್ತೇನೆ," ಎಂದಳು ಅವಳು, ಅಳುತ್ತಾ, ಸಿಟ್ಟಿನಲ್ಲಿ. "ಆದ್ರೆ ನನ್ನ ಅಪ್ಪನಿಗೆ ಕಾಗದ ನೀವೇ ಬರೀಬೇಕು. ಅದಕ್ಕೂ ನಾಲ್ಕು ತಿಂಗಳು ಮಾಡ್ಬೇಡಿ!"

"ಇವತ್ತು ಶುಕ್ರವಾರ. ಪೋಸ್ಟ್ ಆಫೀಸಿಗೆ ರಜೆ."

"ಬರೀಲಿಕ್ಕೆ ರಜೆ ಇಲ್ವಲ್ಲ?"

ಅವನು ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು.

"ಇಲ್ಲ," ಎಂದ. "ಅಪ್ಪನ ಹೆಸರು ಹೇಳು, ಈಗಲೇ ಕೂತ್ಕೊಳ್ತೇನೆ."